ಕಬಾಯಿ ಹೊಲಿಯುವ ಬಗೆ: ನಾಟಕಕ್ಕೆ ಇರಾನಿನ ಉಡುಪು, ಕಾಲಕ್ಕೆ ತಕ್ಕಂತೆ

ಇಮ್ಮಡಿ ದೇವರಾಯನ ಆಸ್ಥಾನವನ್ನು ರಂಗದ ಮೇಲೆ ತರುವ ತಂಡಕ್ಕೆ ಒಬ್ಬ ರಾಯಭಾರಿ ಬೇಕೇ ಬೇಕು: ತೈಮೂರನ ಮಗ ಶಾಹರುಖ್ ತನ್ನ ರಾಜಧಾನಿ ಹೆರಾತಿನಿಂದ ಕಳಿಸಿದ ಅಬ್ದುರ್ ರಜಾಕ್. ಕಲ್ಲಿಕೋಟೆಯಲ್ಲಿದ್ದು, ಅಲ್ಲಿಂದ ಹಡಗಿನಲ್ಲಿ ಮಂಗಳೂರಿಗೆ ಬಂದು, ಘಟ್ಟ ಹತ್ತಿ 1443ರಲ್ಲಿ ವಿಜಯನಗರ ತಲುಪಿದವನು. ಹಾಸನ, ಚಿಕ್ಕಮಗಳೂರು ಕಡೆಯ ಶಾಲೆ ಕಾಲೇಜುಗಳ ನಾಟಕದಲ್ಲಿ ಇವನಿಗೆ ಹಾಕುವ ವೇಷ ಬಹುಮಟ್ಟಿಗೆ ಒಂದೇ. ಬಾಡಿಗೆಗೆ ತಂದ ಮಖಮಲ್ಲಿನ ಅಂಗಿ, ಎದೆ ತುಂಬ ಜರಿ, ಗರಿ ಸಿಕ್ಕಿಸಿದ ರೆಡಿಮೇಡ್ ಪೇಟ. ಮುಂದಿನ ವಾರ ಅದೇ ಅಂಗಿ ಅಕ್ಬರನಿಗೂ ಆಗುತ್ತದೆ, ಟಿಪ್ಪುವಿಗೂ ಆಗುತ್ತದೆ.

ಇರಾನಿನ ಉಡುಪನ್ನು ಇರಾನಿನದು ಎಂದು ತೋರಿಸುವುದು ಹೊಳಪಲ್ಲ, ಕಟ್ಟಿಂಗ್. ಹತ್ತಿ ಪಾಪ್ಲಿನ್ನಿನಲ್ಲಿ ಸರಿಯಾಗಿ ಕತ್ತರಿಸಿದ ಒಂದು ಕಬಾಯಿ, ತಪ್ಪಾಗಿ ಕತ್ತರಿಸಿದ ಮಖಮಲ್ಲಿಗಿಂತ ಹತ್ತು ಪಾಲು ನಿಜವೆನಿಸುತ್ತದೆ. ಮನೆಯ ಹೊಲಿಗೆ ಮೆಷಿನ್ನಿನಲ್ಲಿ ಎರಡು ದಿನದಲ್ಲಿ ಮುಗಿಯುವ ಕೆಲಸ ಇದು. ಪದಗಳಂತೂ ನಮ್ಮ ಬಾಯಲ್ಲಿ ಆಗಲೇ ಇವೆ. ಕಬಾಯಿ ಎಂದರೆ ಪರ್ಷಿಯನ್ನಿನ ಕಬಾ, ಮುಂದೆ ಒಂದರ ಮೇಲೊಂದು ಬರುವ ನಿಲುವಂಗಿ. ಮಗುವಿಗೆ ಹಾಕುವ ಕುಲಾವಿ ಅಲ್ಲಿನ ಕುಲಾಹ್, ಅಂದರೆ ಟೋಪಿ. ಪೈಜಾಮದಲ್ಲಿ ಪಾಯ್ ಎಂದರೆ ಕಾಲು, ಜಾಮಾ ಎಂದರೆ ಉಡುಪು. ರುಮಾಲು ಎಂದರೆ ಮುಖ ಒರೆಸುವುದು, ಜರಿ ಎಂದರೆ ಚಿನ್ನದ್ದು. ಅಸ್ತರು, ಶಾಲು, ಬಟ್ಟೆ ಅಳೆಯುವ ಗಜ, ಕೊನೆಗೆ ದರ್ಜಿ ಎಂಬ ಹೆಸರೂ ಅಲ್ಲಿಂದಲೇ ಬಂದವು. ದರ್ಜ್ ಎಂದರೆ ಹೊಲಿಗೆಯ ಗೆರೆ.

ಮೊದಲು ಕಾಲ ಗೊತ್ತು ಮಾಡಿಕೊಳ್ಳಿ

ಇರಾನಿನ ಉಡುಪಿಗೆ ಎರಡೂವರೆ ಸಾವಿರ ವರ್ಷದ ಚರಿತ್ರೆಯಿದೆ. ಒಂದು ಕಾಲದ ಟೋಪಿಯನ್ನು ಇನ್ನೊಂದು ಕಾಲದ ಅಂಗಿಗೆ ಜೋಡಿಸುವುದೇ ಎಲ್ಲಕ್ಕಿಂತ ಸಾಮಾನ್ಯ ತಪ್ಪು. ಅದಕ್ಕೆ ಬಟ್ಟೆ ಕೊಳ್ಳುವ ಮೊದಲು ಪಾತ್ರ ಯಾವ ಶತಮಾನದ್ದು ಎಂದು ಬರೆದಿಟ್ಟುಕೊಳ್ಳಿ.

ದಾರಿಯವುಷ್ (ಡೇರಿಯಸ್), ಜರ್ಕ್ಸೀಸ್ ದೊರೆಗಳ ಕಾಲದ (ಕ್ರಿ.ಪೂ. 6–5ನೇ ಶತಮಾನ) ಉಡುಪು ಕಾಣಬೇಕಾದರೆ ಅವರ ರಾಜಧಾನಿ ಪರ್ಸೆಪೊಲಿಸ್‌ನ ಅಪದಾನ ಮಂಟಪದ ಮೆಟ್ಟಿಲ ಉಬ್ಬುಶಿಲ್ಪಗಳ ಫೋಟೋ ನೋಡಿ. ಅಲ್ಲಿ ಎರಡು ಬಗೆಯವರು ಸಾಲಾಗಿ ನಿಂತಿದ್ದಾರೆ. ಒಬ್ಬರದು ಅಗಲ ತೋಳಿನ, ನೆರಿಗೆ ನೆರಿಗೆಯಾಗಿ ಇಳಿಬಿದ್ದ ನಿಲುವಂಗಿ. ಅದು ಪರ್ಷಿಯನ್ನರ ಆಸ್ಥಾನದ ಉಡುಪು. ಇನ್ನೊಬ್ಬರದು ಮಂಡಿವರೆಗಿನ ಅಂಗಿ, ಕಾಲಿಗೆ ಅಂಟುವ ಷರಾಯಿ, ಗುಮ್ಮಟದಂಥ ದುಂಡು ಟೋಪಿ. ಅದು ಮೀಡಿಯನ್ನರದು, ಕುದುರೆ ಸವಾರರ ಉಡುಪು. ಷರಾಯಿ ಹುಟ್ಟಿದ್ದೇ ಕುದುರೆಯ ಬೆನ್ನ ಮೇಲೆ. ಸುತ್ತಿದ ಬಟ್ಟೆಯಲ್ಲಿ ದಿನವಿಡೀ ಸವಾರಿ ಮಾಡಿದರೆ ತೊಡೆ ಉಜ್ಜಿ ಹೋಗುತ್ತದೆ. ಮೀಡಿಯನ್ನರು ಮೇಲೆ ಒಂದು ಉದ್ದನೆಯ ಕೋಟನ್ನು ತೋಳು ತೊಡದೆ ಹೆಗಲ ಮೇಲೆ ಹಾಕಿಕೊಳ್ಳುತ್ತಿದ್ದರು, ಖಾಲಿ ತೋಳುಗಳು ಪಕ್ಕದಲ್ಲಿ ಜೋತುಬೀಳುತ್ತಿದ್ದವು. ಗ್ರೀಕರು ಅದಕ್ಕೆ ಕಾಂಡೀಸ್ ಎಂದರು. ರಂಗದ ಮೇಲೆ ಈ ಖಾಲಿ ತೋಳು ಒಂದೇ ಸಾಕು, ಕಾಲ ಗೊತ್ತಾಗಿಬಿಡುತ್ತದೆ.

ಪಾರ್ಥಿಯನ್ನರ ಕಾಲಕ್ಕೆ (ಕ್ರಿ.ಪೂ. 247ರಿಂದ ಕ್ರಿ.ಶ. 224) ಎದೆಯ ಮೇಲೆ ಒಂದರ ಮೇಲೊಂದು ಬರುವ ಚಿಕ್ಕ ಅಂಗಿ, ನಡುಪಟ್ಟಿ, ದೊಗಳೆ ಕಾಲುಡುಪು. ಟೆಹರಾನಿನ ರಾಷ್ಟ್ರೀಯ ಸಂಗ್ರಹಾಲಯದಲ್ಲಿರುವ ಶಮಿ ಎಂಬಲ್ಲಿ ಸಿಕ್ಕಿದ ಕಂಚಿನ ಪ್ರತಿಮೆ ಇದಕ್ಕೆ ಮಾದರಿ.

ಸಸಾನಿಯನ್ನರ ಕಾಲದಲ್ಲಿ (224–651) ಕಟ್ಟಿಂಗಿಗಿಂತ ಬಟ್ಟೆಯೇ ಮುಂದೆ ಬಂತು. ಕೆರ್ಮಾನ್‌ಷಾ ಬಳಿಯ ತಾಕ್-ಎ-ಬುಸ್ತಾನ್‌ನ ಬೇಟೆಯ ಶಿಲ್ಪದಲ್ಲಿ ರಾಜನ ಅಂಗಿಯ ನೇಯ್ಗೆಯ ಚಿತ್ರವನ್ನೂ ಕಲ್ಲಿನಲ್ಲಿ ಬಿಡಿಸಿದ್ದಾರೆ: ಸೀಮುರ್ಗ್ ಎಂಬ ಪೌರಾಣಿಕ ಪಕ್ಷಿ, ಮುತ್ತಿನ ಬಳೆಯಂಥ ವೃತ್ತಗಳು. ಈ ಮುತ್ತಿನ ಬಳೆಯ ರೇಷ್ಮೆ ಪೂರ್ವಕ್ಕೆ ಚೀನಾದವರೆಗೆ, ಪಶ್ಚಿಮಕ್ಕೆ ಬೈಜಾಂಟಿಯಮ್‌ವರೆಗೆ ಹೋಯಿತು. ಮುಸ್ಲಿಂ ಆಳ್ವಿಕೆ ಬಂದ ಮೇಲೂ ಈ ಕಸುಬು ನಿಲ್ಲಲಿಲ್ಲ. ಪ್ಯಾರಿಸ್ಸಿನ ಲೂವ್ರ್‌ನಲ್ಲಿ ಖುರಾಸಾನಿನ ಒಂದು ರೇಷ್ಮೆ ತುಂಡಿದೆ. ಅದರ ಮೇಲೆ ಎದುರುಬದುರಾಗಿ ನಿಂತ ಆನೆಗಳು, ಅಂಚಿನಲ್ಲಿ ಒಂಟೆಗಳ ಸಾಲು, ಜೊತೆಗೆ 961ರಲ್ಲಿ ಸತ್ತ ಬುಖ್ತೆಗಿನ್ ಎಂಬ ಸೇನಾನಿಯ ಹೆಸರು. ಹಳೇಬೀಡಿನ ಗೋಡೆಯ ಆನೆ ಸಾಲನ್ನು ನೋಡುತ್ತ ಬೆಳೆದ ನಮ್ಮ ಕಡೆಯವರು ಈ ಆನೆಗಳನ್ನು ಒಮ್ಮೆ ನೋಡಲೇಬೇಕು.

ತೈಮೂರನ ವಂಶದ ಕಾಲ, ಅಂದರೆ 15ನೇ ಶತಮಾನ, ನಮ್ಮ ರಾಯಭಾರಿಯದು. 1430ರ ಸುಮಾರಿನ ಹೆರಾತಿನ ಕಿರುಚಿತ್ರಗಳಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಒಳಗೆ ಉದ್ದ ತೋಳಿನ ಕಬಾಯಿ, ಅದರ ಮೇಲೆ ಬೇರೆ ಬಣ್ಣದ, ಮೊಣಕೈವರೆಗೆ ಮಾತ್ರ ತೋಳಿರುವ ಇನ್ನೊಂದು ನಿಲುವಂಗಿ. ಸೊಂಟದಲ್ಲಿ ಪಟ್ಟಿ, ತಲೆಗೆ ಕುಲಾಹ್ ಟೋಪಿ, ಅದರ ಸುತ್ತ ರುಮಾಲು. ಶ್ರೀಮಂತರ ಹೆಗಲ ಮೇಲೆ ಮೋಡದ ಆಕಾರದ ಚಿನ್ನದ ಕೆಲಸ. ಅದು ಮಂಗೋಲರ ಕಾಲದಲ್ಲಿ ಚೀನಾದಿಂದ ಬಂದ ಚಿತ್ರ.

ಸಫವಿಗಳ ಕಾಲಕ್ಕೆ (1501–1736) ಗುರುತು ತಲೆಯ ಮೇಲಿದೆ: ಹನ್ನೆರಡು ಪಟ್ಟಿಯ ಕೆಂಪು ಟೋಪಿ, ನಡುವೆ ಎದ್ದು ನಿಂತ ಕೆಂಪು ದಂಡ, ಸುತ್ತ ಬಿಳಿ ರುಮಾಲು. ಹನ್ನೆರಡು ಪಟ್ಟಿ ಎಂದರೆ ಷಿಯಾ ಮುಸ್ಲಿಮರ ಹನ್ನೆರಡು ಇಮಾಮರು. ಇದನ್ನು ತೊಟ್ಟವರಿಗೆ ಕಿಜಿಲ್‌ಬಾಷ್, ಅಂದರೆ ಕೆಂಪುತಲೆಯವರು ಎಂದು ಹೆಸರು. ಷಾ ಅಬ್ಬಾಸ್ 1598ರಲ್ಲಿ ಇಸ್ಫಹಾನನ್ನು ರಾಜಧಾನಿ ಮಾಡಿಕೊಂಡ ಮೇಲೆ ಮಖಮಲ್, ಜರಬಾಫ್ತ್ ಎಂಬ ಜರಿ ರೇಷ್ಮೆ ನೇಯ್ಗೆಗಳು ಶಿಖರ ಮುಟ್ಟಿದವು. ಮಖಮಲ್ ಹಾಕಲೇಬೇಕೆಂದಿದ್ದರೆ ಈ ಕಾಲದ ಪಾತ್ರಕ್ಕೆ ಹಾಕಿ.

ಖಾಜಾರ್ ದೊರೆಗಳ ಕಾಲ (18ನೇ ಶತಮಾನದ ಕೊನೆಯಿಂದ 1925) ಎಂದರೆ ಕುರಿಮರಿ ಚರ್ಮದ ಎತ್ತರದ ಕಪ್ಪು ಟೋಪಿ, ಸೊಂಟಕ್ಕೆ ಬಿಗಿದು ಕೆಳಗೆ ಅರಳುವ ಅಂಗಿ, ಯಜ್ದ್ ಮತ್ತು ಕೆರ್ಮಾನಿನ ತೆರ್ಮೆ ಶಾಲು. ಆ ಶಾಲಿನ ಬುತೆ ಎಂಬ ಬಾಗಿದ ತುದಿಯ ಚಿತ್ರವನ್ನು ನಾವು ಸೀರೆಯಲ್ಲಿ ಮಾವಿನಕಾಯಿ ಎನ್ನುತ್ತೇವೆ.

ಇಲ್ಲಿ ಪೂರ್ತಿ ಅಳತೆಯೊಂದಿಗೆ ಹೇಳುವುದು ತೈಮೂರಿ ಕಾಲದ ಕಬಾಯಿಯನ್ನು. ಅದಕ್ಕೆ ಕಾರಣವೂ ಇದೆ. ದೇವರಾಯ ತಾನೇ ಜೈತೂನಿ ಎಂಬ ರೇಷ್ಮೆಯ ಕಬಾ ತೊಟ್ಟು ಕುಳಿತಿದ್ದ ಎಂದು ಅಬ್ದುರ್ ರಜಾಕ್ ಬರೆದಿದ್ದಾನೆ. ತಿರುಮಲೆಯಲ್ಲಿರುವ ಕೃಷ್ಣದೇವರಾಯನ ಪ್ರತಿಮೆಯ ತಲೆಯ ಮೇಲಿರುವುದೂ ಎತ್ತರದ ಕುಳ್ಳಾಯಿ ಟೋಪಿ, ಲೇಪಾಕ್ಷಿಯ ಚಾವಣಿ ಚಿತ್ರಗಳಲ್ಲೂ ಅದೇ. ಆದ್ದರಿಂದ ಈ ಒಂದು ಮಾದರಿ ಕಲಿತರೆ ರಾಯಭಾರಿಗೂ ಆಯಿತು, ರಾಜನಿಗೂ ಆಯಿತು. ರಾಜನನ್ನು ಬರಿಮೈಯಲ್ಲಿ ಕೂರಿಸಿ ರಾಯಭಾರಿಗೆ ಮಾತ್ರ ಅಂಗಿ ತೊಡಿಸುವುದು ಆ ಕಾಲಕ್ಕೆ ಮಾಡುವ ಅನ್ಯಾಯ.

ಬಟ್ಟೆ ಆರಿಸುವುದು

ಎದೆ 36 ಇಂಚು, ಎತ್ತರ ಐದೂವರೆ ಅಡಿ ಇರುವ ಹುಡುಗನಿಗೆ 44 ಇಂಚು ಪನ್ನಾದ (ಅಗಲದ) ಹತ್ತಿ ಬಟ್ಟೆ 4 ಮೀಟರ್ ತೆಗೆದುಕೊಳ್ಳಿ. ಪಾಪ್ಲಿನ್ ಸಾಕು, ಸ್ವಲ್ಪ ದಪ್ಪದ ಕೇಸ್‌ಮೆಂಟ್ ಆದರೆ ಇಳಿಬೀಳುವುದು ಇನ್ನೂ ಚೆನ್ನ. ಪಾಲಿಯೆಸ್ಟರ್ ಸ್ಯಾಟಿನ್ ಬೇಡ. ರಂಗದ ದೀಪಕ್ಕೆ ಅದು ಪ್ಲಾಸ್ಟಿಕ್ಕಿನ ಹಾಗೆ ಮಿಂಚುತ್ತದೆ, ಒಳಗಿನವನು ಬೆವರಿ ಒದ್ದೆಯಾಗುತ್ತಾನೆ, ಅಡ್ಡ ಕತ್ತರಿಸಿದ ಅಂಚು ಎಳೆ ಎಳೆಯಾಗಿ ಬಿಚ್ಚಿಕೊಳ್ಳುತ್ತದೆ. ರೇಷ್ಮೆಯ ಹೊಳಪು ಬೇಕೇ ಬೇಕೆಂದರೆ ಮಶ್ರೂ ಹುಡುಕಿ. ಹೊರಮೈ ರೇಷ್ಮೆ, ಮೈಗೆ ತಾಗುವ ಒಳಮೈ ಹತ್ತಿ. ಗಂಡಸರು ಅಪ್ಪಟ ರೇಷ್ಮೆ ಉಡಬಾರದೆಂಬ ಧರ್ಮದ ಕಟ್ಟಳೆಗೆ ನೇಕಾರರು ಕಂಡುಕೊಂಡ ಉಪಾಯ ಅದು. ಗುಜರಾತಿನ ಪಾಟಣ್‌ನಲ್ಲಿ ಇಂದಿಗೂ ನೇಯುತ್ತಾರೆ.

ಕತ್ತರಿ ಹಾಕುವ ಮೊದಲು ಬಟ್ಟೆಯನ್ನು ಬಿಸಿನೀರಲ್ಲಿ ರಾತ್ರಿಯಿಡೀ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ. ಹತ್ತಿ ಬಟ್ಟೆ ಮೊದಲ ಒಗೆತಕ್ಕೆ ನೂರಕ್ಕೆ ಮೂರರಿಂದ ಐದರಷ್ಟು ಕುಗ್ಗುತ್ತದೆ. 50 ಇಂಚು ಉದ್ದದ ಅಂಗಿಯಲ್ಲಿ ಅದು ಎರಡೂವರೆ ಇಂಚಿನವರೆಗೆ ಆಯಿತು. ಕುಗ್ಗಿದ ನಿಲುವಂಗಿ ನೋಡುವವರ ಕಣ್ಣಿಗೆ ನೈಟಿಯಾಗುತ್ತದೆ.

ಕತ್ತರಿಸುವುದು

ಕಬಾಯಿಯಲ್ಲಿ ತೋಳಿಗೆ ದುಂಡು ಕಟ್ಟಿಂಗ್ ಇಲ್ಲ, ಪ್ರಿನ್ಸೆಸ್ ಲೈನ್ ಇಲ್ಲ, ಡಾರ್ಟ್ ಇಲ್ಲ. ಎಲ್ಲ ನೇರ ಪಟ್ಟಿ, ಮುಕ್ಕೋನ, ಚೌಕ. ಹಳೆಯ ಮಗ್ಗಗಳ ಬಟ್ಟೆಯ ಅಗಲ ಕಡಿಮೆ, ರೇಷ್ಮೆಯ ಬೆಲೆ ಜಾಸ್ತಿ. ದುಂಡಗೆ ಕತ್ತರಿಸಿದರೆ ಚೂರು ದಂಡವಾಗುತ್ತದೆ. ನೇರ ಪಟ್ಟಿ ಕತ್ತರಿಸಿ, ಅಗಲ ಬೇಕಾದಲ್ಲಿ ಮುಕ್ಕೋನ ಸೇರಿಸಿದರೆ ಏನೂ ಹಾಳಾಗುವುದಿಲ್ಲ. ನಿಮ್ಮ ಟೈಲರ್ ಅಭ್ಯಾಸಬಲದಿಂದ ಶರ್ಟಿನ ತೋಳಿನಂತೆ ದುಂಡಗೆ ಕತ್ತರಿಸಲು ಹೊರಟರೆ ತಡೆಯಿರಿ. ಅಲ್ಲಿಗೆ ಕಬಾಯಿ ಹೋಗಿ ಷೇರ್ವಾನಿ ಆಗುತ್ತದೆ.

ಬಟ್ಟೆಯನ್ನು ಉದ್ದಕ್ಕೆ ಮೂರು ಭಾಗ ಮಾಡಿ: 52, 52 ಮತ್ತು 38 ಇಂಚು. ಒಟ್ಟು 142 ಇಂಚಾಯಿತು. 4 ಮೀಟರಿನಲ್ಲಿ ಕುಗ್ಗಿದ್ದು ಹೋಗಿ ಇನ್ನೂ ಸ್ವಲ್ಪ ಉಳಿಯುತ್ತದೆ. ಮುಂದೆ ಹೇಳುವ ಎಲ್ಲ ಅಳತೆಯಲ್ಲೂ ಪ್ರತಿ ಅಂಚಿಗೆ ಅರ್ಧ ಇಂಚು ಮಾರ್ಜಿನ್ ಸೇರಿದೆ.

ಮೊದಲ 52 ಇಂಚಿನ ತುಂಡಿನಲ್ಲಿ 23 ಇಂಚು ಅಗಲದ ಬೆನ್ನು, 19 ಇಂಚು ಅಗಲದ ಒಂದು ಮುಂಭಾಗ. ಎರಡನೆಯದರಲ್ಲಿ 19 ಇಂಚಿನ ಇನ್ನೊಂದು ಮುಂಭಾಗ, ಪಕ್ಕದಲ್ಲಿ 18 ಇಂಚು ಅಗಲದ ಪಟ್ಟಿ. ಆ ಪಟ್ಟಿಯನ್ನು ನಡುವೆ ಕತ್ತರಿಸಿದರೆ 26 ಇಂಚು ಉದ್ದದ ಎರಡು ತೋಳು ಬರುತ್ತವೆ. ಮಿಕ್ಕ ಸಣ್ಣ ಅಂಚಿನಲ್ಲಿ 5 ಇಂಚಿನ ಎರಡು ಚೌಕ ಕತ್ತರಿಸಿಡಿ, ಅವು ಕಂಕುಳಿಗೆ. ಮೂರನೆಯ, 38 ಇಂಚಿನ ತುಂಡಿನಲ್ಲಿ 13 ಇಂಚು ಅಗಲದ ಎರಡು ಪಟ್ಟಿ. ಒಂದೊಂದರಲ್ಲೂ ಮೇಲಂಚಿನಲ್ಲಿ ಎಡ ತುದಿಯಿಂದ 1 ಇಂಚು, ಕೆಳಂಚಿನಲ್ಲಿ ಎಡ ತುದಿಯಿಂದ 12 ಇಂಚು ಗುರುತು ಹಾಕಿ, ಎರಡನ್ನೂ ಸೇರಿಸಿ ಓರೆ ಗೆರೆ ಎಳೆದು ಕತ್ತರಿಸಿ. ಹೀಗೆ ಒಟ್ಟು ನಾಲ್ಕು ಕಲಿ, ಅಂದರೆ ಅಗಲ ಹೆಚ್ಚಿಸುವ ಓರೆ ತುಂಡು ಸಿಗುತ್ತವೆ, ಒಂದು ತುದಿ 1 ಇಂಚು, ಇನ್ನೊಂದು 12. ಮಿಕ್ಕ 17 ಇಂಚಿನ ಪಟ್ಟಿ ಕೊರಳಪಟ್ಟಿಗೆ, ಲಾಡಿಗೆ.

ತೋಳು ಮೇಲೆ 18 ಇಂಚು, ಮಣಿಕಟ್ಟಿನಲ್ಲಿ 10 ಇಂಚಿಗೆ ಇಳಿಯಲಿ, ಎರಡೂ ಪಕ್ಕದಿಂದ ಸಮನಾಗಿ. ತೋಳು ಕೈಗಿಂತ ಸುಮಾರು 6 ಇಂಚು ಉದ್ದ ಬರುತ್ತದೆ. ಅದು ತಪ್ಪಲ್ಲ. ತೈಮೂರಿ ಚಿತ್ರಗಳಲ್ಲಿ ತೋಳು ಮಣಿಕಟ್ಟಿನ ಮೇಲೆ ಸುಕ್ಕು ಸುಕ್ಕಾಗಿ ಕೂತಿರುತ್ತದೆ, ಬೇಡದಾಗ ಕೈಯನ್ನೇ ಮುಚ್ಚುತ್ತದೆ. ಕೈ ದುಡಿಮೆ ಮಾಡಬೇಕಿಲ್ಲದವನ ತೋಳು ಅದು. ಇದನ್ನು ಕತ್ತರಿಸಿ ಸರಿಮಾಡಿದರೆ ಪಾತ್ರದ ದರ್ಜೆಯೇ ಇಳಿದುಹೋಗುತ್ತದೆ.

ಮುಂಭಾಗದ ಕೊರಳು: ಕಂಕುಳ ಕಡೆಯ ಅಂಚಿನಿಂದ ಮೇಲಂಚಿನಲ್ಲಿ 8½ ಇಂಚಿಗೆ ಗುರುತು. ಅಲ್ಲಿಂದ ಎದುರು ಅಂಚಿನಲ್ಲಿ 15 ಇಂಚು ಕೆಳಗಿನ ಬಿಂದುವಿಗೆ ಓರೆಯಾಗಿ ಕತ್ತರಿಸಿ. ಎರಡು ಮುಂಭಾಗವೂ ಎದೆಯ ನಡುಗೆರೆಯನ್ನು ದಾಟಿ 7 ಇಂಚು ಹೋಗುತ್ತವೆ, ಹಾಗಾಗಿ ಕೂತಾಗಲೂ ತೊಡೆ ಕಾಣುವುದಿಲ್ಲ. ಬೆನ್ನಿಗೆ ನಡುವೆ 6 ಇಂಚು ಅಗಲ, ಒಂದು ಇಂಚು ಆಳದ ಕೊರಳು ಸಾಕು.

ಬೇರೆ ಅಳತೆಯವರಿಗೆ ಲೆಕ್ಕ ಸುಲಭ. ಎದೆಯ ಸುತ್ತಳತೆಗೆ 8 ಇಂಚು ಕೂಡಿಸಿ ಅರ್ಧ ಮಾಡಿದರೆ ಬೆನ್ನಿನ ಅಗಲ. ಅದರರ್ಧಕ್ಕೆ 7 ಕೂಡಿಸಿದರೆ ಒಂದು ಮುಂಭಾಗ. ಇವೆರಡಕ್ಕೂ ಮಾರ್ಜಿನ್ ಒಂದೊಂದು ಇಂಚು ಸೇರಿಸಿ. ಎದೆ 37 ದಾಟಿದರೆ 44 ಪನ್ನಾದಲ್ಲಿ ಬೆನ್ನು ಮತ್ತು ಮುಂಭಾಗ ಅಕ್ಕಪಕ್ಕ ಕೂರುವುದಿಲ್ಲ. 58 ಇಂಚು ಪನ್ನಾ ಕೊಳ್ಳಿ.

ಹೊಲಿಯುವುದು, ಎಲ್ಲಿ ಕೆಡುತ್ತದೆ

ಹೊಲಿಯುವ ಮೊದಲೇ ಓರೆ ಕತ್ತರಿಸಿದ ಕೊರಳಂಚಿಗೆ, ಒಳಮೈಯಲ್ಲಿ, ಬಟ್ಟೆಯ ಅಂಚಿನಿಂದಲೇ ತೆಗೆದ ಕಾಲಿಂಚಿನ ನೇರ ಪಟ್ಟಿ ಇಟ್ಟು ಒಂದು ಹೊಲಿಗೆ ಹಾಕಿ. ಓರೆ ಬಟ್ಟೆ ಎಳೆದರೆ ಹಿಗ್ಗುತ್ತದೆ. ಈ ಪಟ್ಟಿ ಇಲ್ಲದಿದ್ದರೆ ಎರಡನೆಯ ಪ್ರದರ್ಶನದ ಹೊತ್ತಿಗೆ ಕೊರಳು ಬಾಯಿಬಿಟ್ಟು ಬನಿಯನ್ ಕಾಣುತ್ತದೆ.

ಆಮೇಲೆ ಕ್ರಮ ಹೀಗೆ. ಹೆಗಲು ಸೇರಿಸಿ. ಅಂಗಿಯನ್ನು ಚಪ್ಪಟೆ ಹರಡಿಕೊಂಡು, ತೋಳಿನ 18 ಇಂಚಿನ ಅಂಚಿನ ನಡುಬಿಂದುವನ್ನು ಹೆಗಲ ಹೊಲಿಗೆಗೆ ಕೂಡಿಸಿ ನೇರವಾಗಿ ಹೊಲಿಯಿರಿ. ತೋಳಿನ ಕೆಳಗೆ ನಾಲ್ಕು ಇಂಚು ಬಿಟ್ಟು ಕಲಿಗಳನ್ನು ಜೋಡಿಸಿ, ಚೂಪು ತುದಿ ಮೇಲಕ್ಕೆ. ಇಲ್ಲಿ ಒಂದು ಸೂಕ್ಷ್ಮವಿದೆ. ಕಲಿಯ ಓರೆ ಅಂಚು ಬೆನ್ನು ಅಥವಾ ಮುಂಭಾಗದ ನೇರ ಅಂಚಿಗೆ ಬರಬೇಕು, ಕಲಿಯ ನೇರ ಅಂಚು ಇನ್ನೊಂದು ಕಲಿಯ ನೇರ ಅಂಚಿಗೆ. ಎರಡು ಓರೆ ಅಂಚು ಒಟ್ಟಿಗೆ ಸೇರಿದರೆ ಪಕ್ಕದ ಹೊಲಿಗೆ ಹಿಗ್ಗಿ, ಅಂಗಿಯ ಕೆಳಗೆ ಎರಡು ಕಿವಿ ಜೋತುಬೀಳುತ್ತವೆ. ಓರೆ ಅಂಚನ್ನು ಕೆಳಗಿಟ್ಟು, ನೇರದ್ದನ್ನು ಮೇಲಿಟ್ಟು ಹೊಲಿದರೆ ಮೆಷಿನ್ನೇ ಹೆಚ್ಚುವರಿಯನ್ನು ನುಂಗಿಕೊಳ್ಳುತ್ತದೆ.

ಈಗ ಕಂಕುಳ ಚೌಕ. ಚೌಕವನ್ನು ವಜ್ರದಂತೆ ತಿರುಗಿಸಿ, ಒಂದು ಮೂಲೆ ತೋಳಿನ ಕಡೆಗೆ, ಎದುರು ಮೂಲೆ ಕಲಿಯ ತುದಿಗೆ ಬರುವಂತೆ ಇಡಿ. ಮೊದಲು ಕಚ್ಚಾ ಹೊಲಿಗೆ ಹಾಕಿ ಕೈ ಎತ್ತಿ ನೋಡಿ, ಆಮೇಲೆ ಮೆಷಿನ್. ಮೂಲೆಗಳಲ್ಲಿ ಸೂಜಿಯನ್ನು ಬಟ್ಟೆಯಲ್ಲೇ ಇಳಿಸಿಟ್ಟು ತಿರುಗಿಸಬೇಕು, ಇಲ್ಲದಿದ್ದರೆ ಅಲ್ಲೊಂದು ತೂತು ಉಳಿದು ಅಲ್ಲಿಂದಲೇ ಹರಿಯುತ್ತದೆ. ಚೌಕ ಬೇಸರದ ಕೆಲಸವೆಂದು ಬಿಟ್ಟುಬಿಡುವವರು ಹೆಚ್ಚು. ಬಿಟ್ಟರೆ ರಾಯಭಾರಿ ಕೈಯೆತ್ತಿ ಸಲಾಮು ಮಾಡುವಾಗ ಇಡೀ ಅಂಗಿ ಅವನ ಜೊತೆ ಮೇಲೆದ್ದು ಪೈಜಾಮದ ಲಾಡಿ ಕಾಣುತ್ತದೆ.

ಕೊನೆಗೆ ಮಣಿಕಟ್ಟಿನಿಂದ ಕಂಕುಳಿನ ಮೂಲಕ ಕೆಳಗಿನವರೆಗೆ ಒಂದೇ ಗೆರೆಯಲ್ಲಿ ಪಕ್ಕ ಹೊಲಿಯಿರಿ. ಸವಾರನ ಅಂಗಿಯಾದ್ದರಿಂದ ಕೆಳಗಿನ 12 ಇಂಚು ಹೊಲಿಯದೆ ಸೀಳು ಬಿಡಬಹುದು. ಘೇರು, ಅಂದರೆ ಕೆಳಂಚಿನ ಸುತ್ತಳತೆ, 100 ಇಂಚಿನಷ್ಟಾಗುತ್ತದೆ. ಕೆಳಗಿನ ಹೆಮ್ಮಿಂಗನ್ನು ತಕ್ಷಣ ಮಾಡಬೇಡಿ. ಅಂಗಿಯನ್ನು ಹ್ಯಾಂಗರಿಗೆ ಹಾಕಿ ಒಂದು ರಾತ್ರಿ ನೇತಾಡಿಸಿ, ಓರೆ ಭಾಗ ಇಳಿದು ನಿಂತ ಮೇಲೆ ಸಮ ಮಾಡಿ ಮಡಿಸಿ. ಕೊರಳಿಗೆ ಎರಡಿಂಚಿನ ಪಟ್ಟಿ ಮಡಿಸಿ ಒಂದಿಂಚು ಕಾಣುವಂತೆ ಹೊಲಿಯಿರಿ. ಒಳಗೊಂದು, ಹೊರಗೊಂದು ಜೊತೆ ಲಾಡಿ, 12 ಇಂಚು ಉದ್ದ, ಪಕ್ಕೆಯಲ್ಲಿ ಕಟ್ಟಲು. ಜಿಪ್ಪು, ವೆಲ್ಕ್ರೋ ಬೇಡ. ಮೌನದ ದೃಶ್ಯದಲ್ಲಿ ವೆಲ್ಕ್ರೋ ಕಿತ್ತ ಸದ್ದು ಕೊನೆಯ ಸಾಲಿಗೂ ಕೇಳುತ್ತದೆ.

ಮುಂಭಾಗದ ಒಳಮೈಗೆ 4 ಇಂಚಿನ ಅಸ್ತರು ಬೇರೆ ಬಣ್ಣದ್ದು ಕೊಡಿ. ನಡೆಯುವಾಗ ಅಂಚು ತಿರುಗಿ ಆ ಬಣ್ಣ ಮಿಂಚಿ ಮರೆಯಾಗುತ್ತದೆ. ಇಡೀ ಉಡುಪಿನಲ್ಲಿ ಇಷ್ಟು ಕಡಿಮೆ ಖರ್ಚಿಗೆ ಇಷ್ಟು ಚೆಂದ ಕೊಡುವುದು ಬೇರೆ ಯಾವುದೂ ಇಲ್ಲ.

ಮೇಲಂಗಿಗೂ ಇದೇ ಮಾದರಿ. ಮುಂಭಾಗ 13 ಇಂಚು ಸಾಕು, ಒಂದರ ಮೇಲೊಂದು ಬರಬೇಕಿಲ್ಲ. ತೋಳು 13 ಇಂಚು ಉದ್ದ, 20 ಇಂಚು ಅಗಲ, ಕಿರಿದಾಗಿಸುವುದು ಬೇಡ. ಬೆನ್ನಿನ ಅಗಲ ಒಂದಿಂಚು ಹೆಚ್ಚು ಇರಲಿ. ಹೆಂಗಸರ ಪಾತ್ರಕ್ಕೂ ಇದೇ ಕಟ್ಟಿಂಗ್ ನಡೆಯುತ್ತದೆ. ಪಾದದವರೆಗೆ ಉದ್ದ ಮಾಡಿ, ಒಳಗೆ ಷರಾಯಿ, ತಲೆಗೆ ಬಿಳಿ ಮಲ್ ಬಟ್ಟೆಯ ಚೌಕ. ಲಂಗ ದಾವಣಿಯನ್ನು ಹಾಗೂ ಹೀಗೂ ಹೊಂದಿಸಲು ಹೋಗಬೇಡಿ.

ಬಣ್ಣ

ಇರಾನಿನ ಕೆಂಪು ರುನಾಸ್ ಬೇರಿನದು. ಅದರ ಹತ್ತಿರದ ನೆಂಟ ನಮ್ಮ ಮಂಜಿಷ್ಠ, ಗ್ರಂಥಿಗೆ ಅಂಗಡಿಯಲ್ಲಿ ಸಿಗುತ್ತದೆ. ಬಣ್ಣ ಹಾಕುವುದಿದ್ದರೆ ಕತ್ತರಿಸುವ ಮೊದಲೇ ಹಾಕಬೇಕು. 4 ಮೀಟರ್ ಪಾಪ್ಲಿನ್ ಸುಮಾರು ಅರ್ಧ ಕಿಲೋ ತೂಗುತ್ತದೆ. ಅಷ್ಟಕ್ಕೆ ಅಳಲೆಕಾಯಿ ಪುಡಿ 100 ಗ್ರಾಂ, ಪಟಿಕ 75 ಗ್ರಾಂ, ಮಂಜಿಷ್ಠ 250 ಗ್ರಾಂ.

ಬಟ್ಟೆಯನ್ನು ವಾಷಿಂಗ್ ಸೋಡಾ ಹಾಕಿದ ನೀರಲ್ಲಿ ಒಂದು ಗಂಟೆ ಕುದಿಸಿ ಗಂಜಿ, ಜಿಡ್ಡು ತೆಗೆಯಿರಿ. ನೀರು ಹನಿಸಿದರೆ ತಕ್ಷಣ ಹೀರಿಕೊಳ್ಳಬೇಕು, ಮುತ್ತಾಗಿ ನಿಂತರೆ ಇನ್ನೊಮ್ಮೆ ಕುದಿಸಿ. ಅಳಲೆಕಾಯಿ ನೀರಲ್ಲಿ ರಾತ್ರಿ ನೆನೆಸಿ, ಹಿಂಡಿ, ಜಾಲಿಸದೆ ಒಣಗಿಸಿ. ಮರುದಿನ ಪಟಿಕದ ನೀರಲ್ಲಿ ರಾತ್ರಿಯಿಡೀ. ಹತ್ತಿ ತಾನಾಗಿ ಪಟಿಕವನ್ನು ಹಿಡಿದುಕೊಳ್ಳುವುದಿಲ್ಲ, ಅಳಲೆಯ ಒಗರು ನಡುವೆ ನಿಂತು ಹಿಡಿಸುತ್ತದೆ. ಆ ಹಂತ ಬಿಟ್ಟರೆ ಮೂರು ಒಗೆತಕ್ಕೆ ಕೆಂಪು ಗುಲಾಬಿಯಾಗುತ್ತದೆ. ಮೂರನೆಯ ದಿನ ಬಟ್ಟೆ ಜಾಲಿಸಿ, ಹಿಂದಿನ ರಾತ್ರಿ ನೆನೆಹಾಕಿದ ಮಂಜಿಷ್ಠದ ನೀರಲ್ಲಿ ಮುಳುಗಿಸಿ ನಿಧಾನ ಕಾಯಿಸಿ. ಕುದಿಯಬಾರದು, ಬೆರಳು ಅದ್ದಿ ತಕ್ಷಣ ತೆಗೆಯಬೇಕೆನಿಸುವಷ್ಟು ಬಿಸಿ, 60ರಿಂದ 70 ಡಿಗ್ರಿ, ಒಂದು ಗಂಟೆ. ಕುದಿದರೆ ಬೇರಿನ ಕಂದು ಬಣ್ಣವೂ ಇಳಿದು ಕೆಂಪು ಮಂಕಾಗುತ್ತದೆ. ಸ್ಟೀಲ್ ಪಾತ್ರೆ ಬಳಸಿ. ಕಬ್ಬಿಣದ ಬಾಣಲೆಯಲ್ಲಿ ಒಗರು ಕಬ್ಬಿಣವನ್ನು ಕಚ್ಚಿ ಕಪ್ಪಾಗುತ್ತದೆ.

ನೀರಿನ ವಿಷಯ ಈ ಜಿಲ್ಲೆಗಳಲ್ಲಿ ಲೆಕ್ಕಕ್ಕೆ ಬರುತ್ತದೆ. ಮಂಜಿಷ್ಠದ ಕೆಂಪಿಗೆ ಸುಣ್ಣದ ಅಂಶ ಬೇಕು. ಅರಸೀಕೆರೆ, ಕಡೂರು ಕಡೆಯ ಗಡಸು ಬೋರ್ ನೀರಲ್ಲಿ ಕೆಂಪು ತಾನಾಗಿ ಏಳುತ್ತದೆ. ಮೂಡಿಗೆರೆ, ಸಕಲೇಶಪುರದ ಮಳೆನೀರು, ಒರತೆ ನೀರಾದರೆ ಒಂದು ಚಮಚ ಸೀಮೆಸುಣ್ಣದ ಪುಡಿ ಕಲಸಿ.

ಮಂಜಿಷ್ಠ ದುಬಾರಿಯೆನಿಸಿದರೆ ಅಡಿಕೆ ಬೇಯಿಸಿದ ನೀರು, ಅಂದರೆ ಚೊಗರು ಇದೆ. ಕೊಪ್ಪ, ಶೃಂಗೇರಿ, ತರೀಕೆರೆ ಕಡೆ ಅಡಿಕೆ ಬೇಯಿಸುವ ಕಾಲದಲ್ಲಿ ಗಟ್ಟಿ ಚೊಗರು 1 ಲೀಟರ್ ತಂದು 10 ಲೀಟರ್ ನೀರಿಗೆ ಹಾಕಿ, ಮುಕ್ಕಾಲು ಗಂಟೆ ಸಣ್ಣ ಉರಿಯಲ್ಲಿಟ್ಟು, ಅದರಲ್ಲೇ ಆರಲು ಬಿಡಿ. ಆಮೇಲೆ 50 ಗ್ರಾಂ ಪಟಿಕದ ನೀರಲ್ಲಿ ಅರ್ಧ ಗಂಟೆ. ಇರಾನಿನಲ್ಲಿ ಅಡಿಕೆ ಬಣ್ಣ ಇರಲಿಲ್ಲ. ಆದರೆ ಬರುವ ಇಟ್ಟಿಗೆಗೆಂಪು ರಂಗದ ದೀಪದಲ್ಲಿ ಹಳೆಯ ರುನಾಸ್ ಬಣ್ಣಕ್ಕೆ ಬಲು ಹತ್ತಿರ, ಬಾಳಿಕೆಯೂ ಚೆನ್ನ. ಬಟ್ಟೆಯನ್ನು ಆಗಾಗ ತಿರುವುತ್ತಿರಬೇಕು, ಮಡಿಕೆಯಲ್ಲಿ ನಿಂತರೆ ಕಲೆ ಬೀಳುತ್ತದೆ.

ತಲೆಗೆ

ಕುಲಾಹ್ ಟೋಪಿಗೆ ತಲೆಯ ಸುತ್ತಳತೆಗಿಂತ ಅರ್ಧ ಇಂಚು ಹೆಚ್ಚಿನ, 7 ಇಂಚು ಎತ್ತರದ ಮೊಟಕು ಶಂಕು, ಎರಡು ಪದರ ಕ್ಯಾನ್ವಾಸಿನಲ್ಲಿ. ಅದರ ಸುತ್ತ ಬಿಳಿ ಮಲ್ ಬಟ್ಟೆ 5 ಮೀಟರ್, ಪನ್ನಾವನ್ನು ಉದ್ದಕ್ಕೆ ಸೀಳಿ ಅರ್ಧ ಅಗಲ. ಮೈಸೂರು ಪೇಟದ ಹಾಗೆ ಹುರಿ ಮಾಡಿ ಬಿಗಿಯಬೇಡಿ. ಸಡಿಲವಾಗಿ, ಟೋಪಿಯ ಮೇಲಿನ ಎರಡು ಇಂಚು ಕಾಣುವಂತೆ, ಅಡ್ಡಡ್ಡ ಸುತ್ತಿ ತುದಿಯನ್ನು ಕಿವಿಯ ಹಿಂದೆ ಇಳಿಬಿಡಿ. ಸುತ್ತಿ ಮುಗಿದ ಮೇಲೆ ನಾಲ್ಕು ಕಡೆ ಸೂಜಿದಾರದಿಂದ ಟೋಪಿಗೆ ಹಿಡಿಸಿಬಿಟ್ಟರೆ ಪ್ರತಿ ಪ್ರದರ್ಶನಕ್ಕೂ ಸುತ್ತುವ ಗೋಳಿಲ್ಲ.

ಸಫವಿ ಟೋಪಿಗೆ ಕೆಂಪು ಬಟ್ಟೆಯ ಹನ್ನೆರಡು ಪಟ್ಟಿ. ತಲೆ 22 ಇಂಚಾದರೆ ಒಂದೊಂದೂ ಬುಡದಲ್ಲಿ 2⅜ ಇಂಚು ಅಗಲ, ಇಲ್ಲಿ ಎರಡೂ ಪಕ್ಕ ಕಾಲಿಂಚು ಮಾತ್ರ ಹೊಲಿಗೆ ಸೇರಿ. ನಡುವಿನ ದಂಡಕ್ಕೆ 8 ಇಂಚಿನ ಬಿದಿರುಕಡ್ಡಿಗೆ ಹತ್ತಿ ಸುತ್ತಿ ಕೆಂಪು ಬಟ್ಟೆ ಹೊಲಿಯಿರಿ. ಕಡ್ಡಿಯ ಬುಡವನ್ನು ಟೋಪಿಯ ಒಳಗೆ ರಟ್ಟಿನ ಬಿಲ್ಲೆಗೆ ಹಿಡಿಸದಿದ್ದರೆ ಬಾಗಿ ನಮಸ್ಕರಿಸುವಾಗ ಅದು ಕಣ್ಣ ಮುಂದೆ ಬರುತ್ತದೆ.

ಮೀಡಿಯನ್ನರ ದುಂಡು ಟೋಪಿ ನಮದಾದ್ದು, ಅಂದರೆ ನೇಯದೆ ಒತ್ತಿ ಗಟ್ಟಿ ಮಾಡಿದ ಉಣ್ಣೆಯದು. ಅದಕ್ಕೆ ಹಳೆಯ ಕಂಬಳಿ ಸರಿಯಾದ ಬದಲಿ. ಕಂಬಳಿ ನೇಯುವವರು ನೂಲಿಗೆ ಹಾಕುವ ಹುಣಸೆಬೀಜದ ಗಂಜಿಯನ್ನೇ ಇಲ್ಲೂ ಬಳಸಿ. ಬೀಜ ಹುರಿದು, ಸಿಪ್ಪೆ ತೆಗೆದು, ಪುಡಿ ಮಾಡಿ, 100 ಗ್ರಾಂ ಪುಡಿಗೆ ಒಂದೂವರೆ ಲೀಟರ್ ನೀರು ಹಾಕಿ ಗಟ್ಟಿಯಾಗುವವರೆಗೆ ಕುದಿಸಿ. ಕಂಬಳಿ ತುಂಡನ್ನು ಅದರಲ್ಲಿ ಅದ್ದಿ, ತಲೆಯ ಗಾತ್ರದ ಬೋರಲು ಪಾತ್ರೆಯ ಮೇಲೆ ಎಳೆದು ಕಟ್ಟಿ, ಬಿಸಿಲಿಗೆ ಎರಡು ದಿನ ಇಡಿ. ಮಳೆಗಾಲದಲ್ಲಿ ಈ ಗಂಜಿಗೆ ಬೂಸು ಹಿಡಿಯುವುದು ಖಂಡಿತ. ತೋಟಕ್ಕೆ ಬೋರ್ಡೋ ದ್ರಾವಣ ಮಾಡಲು ಮನೆಯಲ್ಲಿಟ್ಟಿರುವ ಮೈಲುತುತ್ತ 5 ಗ್ರಾಂ ಕರಗಿಸಿ ಬೆರೆಸಿದರೆ ತಡೆಯುತ್ತದೆ. ಅದು ವಿಷ. ಕೈಗವಸು ಹಾಕಿಕೊಂಡೇ ಕೆಲಸ ಮಾಡಿ, ಗಂಜಿ ಕಾಯಿಸಿದ ಪಾತ್ರೆಯನ್ನು ಮತ್ತೆ ಅಡಿಗೆಗೆ ಬಳಸಬೇಡಿ, ಟೋಪಿಯ ಒಳಗೆ ಹತ್ತಿ ಬಟ್ಟೆಯ ಅಸ್ತರು ತಪ್ಪದೆ ಹೊಲಿಯಿರಿ.

ಬೇರೆ ಕಾಲಗಳಿಗೆ, ಚಿಕ್ಕದಾಗಿ

ಪರ್ಸೆಪೊಲಿಸ್‌ನ ನೆರಿಗೆ ನಿಲುವಂಗಿಗೆ 58 ಇಂಚು ಪನ್ನಾದ ತೆಳು ಹತ್ತಿ 3 ಮೀಟರ್. ಬಟ್ಟೆಯನ್ನು ಅಡ್ಡಕ್ಕೆ ಮಡಿಸಿ ಮಡಿಕೆಯ ನಡುವೆ ತಲೆಗೆ ಸೀಳು ಕೊಡಿ. ತೋಳಿಗೆಂದು ಮೇಲಿನ 20 ಇಂಚು ಬಿಟ್ಟು, ಕೆಳಗೆ ಎರಡೂ ಪಕ್ಕ ಹೊಲಿಯಿರಿ. ಗಂಜಿ ಹಾಕಿ, ಒದ್ದೆಯಿದ್ದಾಗಲೇ ಬೆರಳಗಲ ನೆರಿಗೆ ಹಿಡಿದು, ದಾರದಲ್ಲಿ ಕಟ್ಟಿ ಒಣಗಿಸಿ. ತೊಟ್ಟ ಮೇಲೆ ನಡುಪಟ್ಟಿ ಬಿಗಿದು, ಮುಂದೆ ನೆರಿಗೆಯನ್ನು ನಡುವಿಗೆ ತಂದು ನಿಲ್ಲಿಸಿ.

ಸಸಾನಿ ಅಂಗಿಗೆ ಮುತ್ತಿನ ಬಳೆಯನ್ನು ಅಚ್ಚು ಹಾಕುವುದು ಮಕ್ಕಳೂ ಮಾಡುವ ಕೆಲಸ. 6 ಇಂಚಿನ ವೃತ್ತ, ಅದರೊಳಗೆ 4½ ಇಂಚಿನ ವೃತ್ತ ಸೀಮೆಸುಣ್ಣದಲ್ಲಿ ಬರೆದುಕೊಳ್ಳಿ. ನಡುವಿನ ಬಳೆಯಲ್ಲಿ 20 ಮುತ್ತು. ಅರ್ಧ ಇಂಚು ದಪ್ಪದ ಕ್ಯಾರೆಟ್ ತುದಿಯನ್ನು ಸಮ ಕತ್ತರಿಸಿ, ಒರೆಸಿ, ಫ್ಯಾಬ್ರಿಕ್ ಬಣ್ಣದಲ್ಲಿ ಮುಟ್ಟಿಸಿ ಒತ್ತಿ. ಮೊದಲು ಗಡಿಯಾರದ 12, 6, 3, 9ರ ಜಾಗದಲ್ಲಿ ಒತ್ತಿ, ನಡುವೆ ನಾಲ್ಕು ನಾಲ್ಕು ಹಂಚಿದರೆ ಲೆಕ್ಕ ತಪ್ಪುವುದಿಲ್ಲ. ವೃತ್ತದ ಒಳಗೆ ಕೊರಳಿಗೆ ರಿಬ್ಬನ್ ಕಟ್ಟಿದ ಬಾತುಕೋಳಿ ಅಥವಾ ಟಗರು ಬರಲಿ. ಹಳೇಬೀಡಿನ ಹಂಸ ಕೈಗೆ ಹತ್ತಿರವಿದೆಯೆಂದು ಅದನ್ನೇ ಇಡಬೇಡಿ. ಬಾಲ ಬಳ್ಳಿಯಾಗಿ ಹರಡುವ ಹಂಸ ಹೊಯ್ಸಳರದು, ನೋಡುವವರ ಕಣ್ಣು ಅದನ್ನು ತಕ್ಷಣ ಗುರುತಿಸುತ್ತದೆ.

ಎತ್ತಿಡುವುದು

ಬೆವರಿದ ಕಬಾಯಿಯನ್ನು ಅದೇ ರಾತ್ರಿ ತಿರುವಿ, ಒಳಮೈ ಹೊರಗೆ ಮಾಡಿ ನೆರಳಲ್ಲಿ ಹರವಬೇಕು. ಮಂಜಿಷ್ಠ, ಚೊಗರಿನ ಬಟ್ಟೆಗೆ ಡಿಟರ್ಜೆಂಟ್ ಬೇಡ. ಸೋಡಾ ಅಂಶಕ್ಕೆ ಬಣ್ಣ ನೇರಳೆಗೆ ತಿರುಗುತ್ತದೆ. ಅಂಟವಾಳದ ನೀರು ಸಾಕು. ಹ್ಯಾಂಗರಿನಲ್ಲಿ ತಿಂಗಳುಗಟ್ಟಲೆ ಬಿಟ್ಟರೆ ಕಲಿಗಳು ಇಳಿಯುತ್ತಲೇ ಹೋಗುತ್ತವೆ, ಆದ್ದರಿಂದ ಮಡಿಸಿಡಿ. ಮಲೆನಾಡಿನ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ. ಹಳೆಯ ಪಂಚೆಯಲ್ಲಿ ಸುತ್ತಿ, ಲಾವಂಚದ ಬೇರು ಇಟ್ಟು, ಅಟ್ಟದ ಮೇಲೆ, ಒಲೆಯ ಬಿಸಿ ತಾಗುವ ಕಡೆ ಇಡಿ. ಮಡಿಕೆಯ ಗೆರೆಯನ್ನು ಎರಡು ತಿಂಗಳಿಗೊಮ್ಮೆ ಬದಲಿಸಿ.